ಗೆರೆಯಿಲ್ಲದ ಹೆಬ್ಬೆಟ್ಟು

ಆಶಾರಾಣಿ ಕೆಂಪು ಶಾಯಿಯ ಪೆನ್ನು ಮುಟ್ಟುತ್ತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹತ್ತನೇ ತರಗತಿಯ ಫಲಿತಾಂಶದ ಕಡತಗಳು ಅವಳ ಮೇಜಿನವು. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಪರೀಕ್ಷೆಗೆ ಕೂತರು, ಎಷ್ಟು ಮಂದಿ ಪಾಸಾದರು ಎಂದು ತಾಳೆ ನೋಡುವುದು ಅವಳ ಕೆಲಸ. ತಪ್ಪು ಕಂಡರೆ ಕೆಂಪಿನಲ್ಲಿ ಗುರುತು ಹಾಕಬೇಕು. ಅವಳು ಪೆನ್ಸಿಲಿನಲ್ಲಿ ಹಾಕುತ್ತಿದ್ದಳು.

"ಏನಮ್ಮಾ ಆಶಾ, ಕೆಂಪು ಪೆನ್ನಂದ್ರೆ ಹಾವು ಕಂಡಂಗಾಡ್ತೀಯಲ್ಲ" ಎಂದು ಅವಳ ವಿಭಾಗದ ಸೂಪರಿಂಟೆಂಡೆಂಟ್ ಹರಿಕೃಷ್ಣ ರೇಗಿಸುತ್ತಿದ್ದರು.

"ನಂಗೆ ಆಗಿಬರಲ್ಲ ಸರ್" ಎನ್ನುತ್ತಿದ್ದಳು. ಹೆಚ್ಚು ಹೇಳುತ್ತಿರಲಿಲ್ಲ.

ಆಗಿಬರದೆ ಹೋದದ್ದು ಎರಡು ಸಾವಿರದ ಹತ್ತನೇ ಇಸವಿಯ ಏಪ್ರಿಲ್ ತಿಂಗಳಲ್ಲಿ. ಆಗ ಅವಳು ಶಿಡ್ಲಘಟ್ಟದಿಂದ ನಾಲ್ಕು ಮೈಲಿ ದೂರದ ತಿಮ್ಮರಾಯನಕುಂಟೆಯ ನಲ್ಲಪ್ಪ ಸ್ಮಾರಕ ಅನುದಾನಿತ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಮುಗಿಸಿದ್ದಳು. ಶಾಲೆಯ ಮುಂಗೋಡೆಯ ಮೇಲೆ ಹಸಿರು ಬಣ್ಣದ ದೊಡ್ಡದೊಂದು ಫಲಕ ಬರೆಸಿದ್ದರು. ಎಡಗಡೆ ವರ್ಷ, ಬಲಗಡೆ ಹತ್ತನೇ ತರಗತಿಯ ಫಲಿತಾಂಶ. ಕೆಳಗೆ ಮುಖ್ಯೋಪಾಧ್ಯಾಯ ವೆಂಕಟರವಣಪ್ಪನವರ ಹೆಸರು. ಅವರು ಬಂದ ವರ್ಷದಿಂದ ಬಲಗಡೆಯ ಸಾಲಿನಲ್ಲಿ ನೂರು ಬಿಟ್ಟರೆ ಬೇರೆ ಅಂಕಿ ಬಂದಿರಲಿಲ್ಲ. ಬಸ್ಸಿನಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪ ಅಕ್ಷರ.

ಆ ನೂರರ ಗುಟ್ಟು ಶಾಲೆಯ ಮೇಷ್ಟರುಗಳಿಗೆಲ್ಲ ಗೊತ್ತಿತ್ತು. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ವೆಂಕಟರವಣಪ್ಪನವರು ಮಕ್ಕಳನ್ನು ಅಂಕದ ಪ್ರಕಾರ ಮೂರು ಸಾಲು ಮಾಡಿ ಕೂರಿಸುತ್ತಿದ್ದರು. ಮೂರನೇ ಸಾಲಿನಲ್ಲಿ ಕೂತವರಿಗೆ ಮುಂದಿನ ಬೇಸಗೆಯಲ್ಲಿ ವರ್ಗಾವಣೆ ಪತ್ರ, ಎಂದರೆ ಟೀಸಿ, ಖಾತ್ರಿ. "ನಾಟಿ ಹಾಕೋದಲ್ಲ ದೊಡ್ಡದು, ಕಳೆ ಕೀಳೋದು ದೊಡ್ಡದು" ಎಂದು ಅವರು ಸಿಬ್ಬಂದಿ ಕೊಠಡಿಯಲ್ಲಿ ಗಟ್ಟಿಯಾಗಿಯೇ ಹೇಳುತ್ತಿದ್ದರು. ಆಶಾರಾಣಿ ಗಣಿತದಲ್ಲಿ ಹಿಂದಿದ್ದಳು. ಅಪ್ಪ ಇರಲಿಲ್ಲ. ಅಮ್ಮ ಅಮ್ಮಾಜಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಕುದಿನೀರಿನ ತೊಟ್ಟಿಯಲ್ಲಿ ಕೈ. ಆ ಬೆಂದ ಹುಳುವಿನ ವಾಸನೆ ಸೀರೆಗೂ ಕೂದಲಿಗೂ ಹತ್ತಿ ಮನೆಯವರೆಗೆ ಬರುತ್ತಿತ್ತು. ಮಗಳ ಪುಸ್ತಕಕ್ಕೂ ಹತ್ತಿತ್ತು. ಮೂರನೇ ಸಾಲಿನಲ್ಲೂ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಏಪ್ರಿಲಿನಲ್ಲಿ ವೆಂಕಟರವಣಪ್ಪನವರು ಅವಳನ್ನು ಕೊಠಡಿಗೆ ಕರೆಸಿದರು. ಮೇಜಿನ ಮೇಲೆ ದಾಖಲಾತಿ ವಹಿ ತೆರೆದಿತ್ತು. ಶಾಲೆಗೆ ಸೇರಿದ ಪ್ರತಿ ಮಗುವಿನ ಹೆಸರೂ ಇರುವ, ಎಷ್ಟು ವರ್ಷವಾದರೂ ಎಸೆಯಬಾರದ ದೊಡ್ಡ ಪುಸ್ತಕ ಅದು.

"ನೋಡಮ್ಮಾ, ನಿಮ್ಮಮ್ಮನೇ ಬಂದು ಟೀಸಿ ಕೇಳ್ಕೊಂಡು ಹೋಗಿದ್ದಾಳೆ. ಮನೇಲಿ ಕಷ್ಟ, ಹುಡುಗಿ ಕೆಲಸಕ್ಕೆ ಬೇಕು ಅಂತ. ನಾನೇನು ಮಾಡ್ಲಿ ಹೇಳು?"

"ನಮ್ಮಮ್ಮ ಹಂಗೆ ಕೇಳಿರಲ್ಲ ಸರ್."

"ಕೇಳಿಲ್ವಾ? ಇದು ಯಾರದು ಮತ್ತೆ?" ಅವರು ಒಂದು ಅರ್ಜಿ ತಿರುಗಿಸಿ ತೋರಿಸಿದರು. ಕೆಳಗೆ ನೇರಳೆ ಮಸಿಯ ಹೆಬ್ಬೆಟ್ಟು. ಅದರ ಪಕ್ಕದಲ್ಲಿ 'ಅಮ್ಮಾಜಮ್ಮ ಇವರ ಎಡ ಹೆಬ್ಬೆಟ್ಟಿನ ಗುರುತು' ಎಂದು ದುಂಡಗೆ ಬರೆದಿತ್ತು.

ಅವಳು ನೋಡುತ್ತಿದ್ದಂತೆಯೇ ಅವರು ಸ್ಕೇಲು ಇಟ್ಟು ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಗೆರೆ ಎಲ್ಲೂ ವಕ್ರವಾಗಲಿಲ್ಲ. ಷರಾ ಕಾಲಮಿನಲ್ಲಿ 'ಪೋಷಕರ ಕೋರಿಕೆಯ ಮೇರೆಗೆ' ಎಂದು ಬರೆದು, ಮಸಿ ಆರಲೆಂದು ಬಾಯಿಂದ ಊದಿದರು.

ಅವತ್ತು ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ನೂಲು ತೆಗೆಯುವ ಶೆಡ್ಡಿಗೆ ಹೋದಳು. ಹಬೆಯ ನಡುವೆ ಅಮ್ಮ ತೊಟ್ಟಿಯ ಮುಂದೆ ಕೂತಿದ್ದಳು.

"ಟೀಸಿ ಯಾಕೆ ಕೇಳ್ದೆ?"

"ಯಾವ ಟೀಸಿ?"

"ಹೆಬ್ಬೆಟ್ಟು ಒತ್ತಿದ್ದೀಯ. ನಾನೇ ನೋಡ್ದೆ."

"ನಾನು ಒತ್ತಿಲ್ಲ ಕಣಮ್ಮಾ. ಹೋದ ವರ್ಷ ಸ್ಕಾಲರ್‌ಶಿಪ್ಪಿಗೆ ಅಂತ ಒಂದು ಸಲ ಒತ್ತಿದ್ದೆ ಅಷ್ಟೇ. ದೇವುಡಾಣೆ."

"ಓದಕ್ಕೆ ಬರಲ್ಲ, ಬರೆಯಕ್ಕೆ ಬರಲ್ಲ. ತೋರಿಸಿದ ಕಡೆಯೆಲ್ಲಾ ಒತ್ತೋದು, ಆಮೇಲೆ ಆಣೆ ಹಾಕೋದು. ನೀನೇ ನನ್ನ ಬಾಳು ಹಾಳು ಮಾಡ್ದೆ."

ಅಕ್ಕಪಕ್ಕದ ತೊಟ್ಟಿಯ ಹೆಂಗಸರು ತಲೆ ಎತ್ತಿ ನೋಡಿದರು. ಅಮ್ಮಾಜಮ್ಮನ ಕೈ ಮತ್ತೆ ಕುದಿನೀರಿಗೆ ಇಳಿಯಿತು. ಅಂದಿನಿಂದ ಆ ವಿಷಯ ಇಬ್ಬರೂ ಎತ್ತಲಿಲ್ಲ.

ಬೇರೆ ಶಾಲೆಯವರು ನೇರವಾಗಿ ಹತ್ತಕ್ಕೆ ಸೇರಿಸಿಕೊಳ್ಳಲು ಹಿಂದೇಟು ಹಾಕಿದರು. ಒಂದು ವರ್ಷ ಆಶಾರಾಣಿ ಅದೇ ಶೆಡ್ಡಿನಲ್ಲಿ ಗೂಡು ಆರಿಸಿದಳು. ಮರುವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು, ಗಣಿತದಲ್ಲಿ ಮೂವತ್ತೇಳು ಬಂತು, ಪಾಸಾದಳು. ಪಿಯುಸಿ ಆಯಿತು, ಬಿ.ಎ. ಆಯಿತು. ಅವರ ವಂಶದಲ್ಲಿ ಪದವಿ ಕಂಡವಳು ಅವಳೇ ಮೊದಲು. ಊರಿನವರು ಛಲ ಎಂದರು. ಓದಲು ಕೂತಾಗ ಅವಳ ಕಣ್ಣ ಮುಂದೆ ಬರುತ್ತಿದ್ದದ್ದು ಎರಡು ಕೈ: ಸ್ಕೇಲು ಹಿಡಿದ ಮೇಷ್ಟರ ಕೈ, ಹೆಬ್ಬೆಟ್ಟು ಒತ್ತಿದ ಅಮ್ಮನ ಕೈ. ಇಬ್ಬರಿಗೂ ತೋರಿಸಬೇಕು ಎಂದುಕೊಂಡೇ ಪುಟ ತಿರುಗಿಸುತ್ತಿದ್ದಳು. ಅಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದಳು. ಬೇಕಾದಷ್ಟೇ ಮಾತಾಡುತ್ತಿದ್ದಳು.

ಪಡಿತರ ಅಂಗಡಿಗೆ ಬೆರಳಚ್ಚಿನ ಯಂತ್ರ ಬಂದಾಗ ಅವಳು ಬಿ.ಎ. ಮುಗಿಸಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಳು. ಅಮ್ಮಾಜಮ್ಮನ ಯಾವ ಬೆರಳನ್ನೂ ಯಂತ್ರ ಒಪ್ಪಲಿಲ್ಲ. ಸೀರೆ ಸೆರಗಿಗೆ ಒರೆಸಿಕೊಂಡು ಒತ್ತಿದಳು, ಹಣೆಯ ಬೆವರು ಹಚ್ಚಿ ಒತ್ತಿದಳು. ಕೆಂಪು ದೀಪವೇ ಹತ್ತಿತು.

"ನೂಲು ತೆಗೆಯೋರ ಕೈನೇ ಇಷ್ಟು" ಎಂದ ಅಂಗಡಿಯವನು. "ದೇವರು ಬರೆದ ಗೆರೆನ ಕುದಿನೀರು ಅಳಿಸಾಕೈತೆ. ಮಗಳೇ, ನೀನು ಥಂಬು ಕೊಡಮ್ಮಾ."

ಆಶಾರಾಣಿ ತನ್ನ ಹೆಬ್ಬೆಟ್ಟು ಕೊಟ್ಟಳು. ಎರಡು ವರ್ಷ ಪ್ರತಿ ತಿಂಗಳೂ ಕೊಟ್ಟಳು. ಸರ್ಕಾರಿ ಕೆಲಸ ಸಿಕ್ಕಿ ಆ ಕಾರ್ಡು ಹಿಂತಿರುಗಿಸುವವರೆಗೂ ಕೊಟ್ಟಳು. ಅಷ್ಟು ಸಲ ಕಣ್ಣಾರೆ ನೋಡಿಯೂ ಅವಳಿಗೆ ಏನೂ ಹೊಳೆಯಲಿಲ್ಲ.

ಕೆಲಸ ಮೊದಲು ಗೌರಿಬಿದನೂರಿನಲ್ಲಿ ಸಿಕ್ಕಿತು. ಅಲ್ಲಿ ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಹೋಗುವ ಹುಡುಗಿಯರ ಜೊತೆ ಕೋಣೆ ಮಾಡಿಕೊಂಡು ನಾಲ್ಕು ವರ್ಷ ಇದ್ದಳು. ಆಮೇಲೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ, ಶಿಡ್ಲಘಟ್ಟದ ಮನೆಯಿಂದಲೇ ಬಸ್ಸಿನಲ್ಲಿ ಓಡಾಡತೊಡಗಿದಳು.

ಈ ವರ್ಷ ಜುಲೈ ತಿಂಗಳ ಒಂದು ಮಧ್ಯಾಹ್ನ ವೆಂಕಟರವಣಪ್ಪನವರು ಅವಳ ಮೇಜಿನ ಮುಂದೆ ಬಂದು ನಿಂತರು. ಕೂದಲು ಬೆಳ್ಳಗಾಗಿತ್ತು, ಇಸ್ತ್ರಿ ಮಾತ್ರ ಹಿಂದಿನಂತೆಯೇ. ಸೆಪ್ಟೆಂಬರ್ ಕೊನೆಗೆ ನಿವೃತ್ತಿ. ಅದಕ್ಕೆ ಮುಂಚೆ ಶಿಕ್ಷಕರ ದಿನಾಚರಣೆಯಲ್ಲಿ ಜಿಲ್ಲೆಯ ಉತ್ತಮ ಮುಖ್ಯ ಶಿಕ್ಷಕ ಪ್ರಶಸ್ತಿ ಆಗಬೇಕೆಂದು ಶಾಲೆಯ ಆಡಳಿತ ಮಂಡಳಿ ಪ್ರಸ್ತಾವನೆ ಕಳಿಸಿತ್ತು. ಆಧಾರ: ಅವರು ಮುಖ್ಯೋಪಾಧ್ಯಾಯರಾಗಿ ಬಂದ ವರ್ಷದಿಂದ ಸತತ ಹತ್ತು ವರ್ಷ ಶೇಕಡ ನೂರು ಫಲಿತಾಂಶ. ಪರಿಶೀಲನೆಗೆ ಆ ಕಡತ ಬಂದದ್ದು ಆಶಾರಾಣಿಯ ಹತ್ತಿರಕ್ಕೆ.

ಅವರು ಗುರುತು ಹಿಡಿಯಲಿಲ್ಲ. ಒಂದು ಮೈಸೂರುಪಾಕಿನ ಡಬ್ಬ ಮೇಜಿನ ಮೇಲಿಟ್ಟರು.

"ಯಾವೂರಮ್ಮಾ ನಿಂದು?"

"ಶಿಡ್ಲಘಟ್ಟ ಸರ್."

"ಓಹೋ, ನಮ್ಮ ಕಡೆ ಹುಡುಗಿನೇ! ಹೈಸ್ಕೂಲು ಎಲ್ಲಿ ಓದಿದ್ದು?"

"ಪ್ರೈವೇಟಾಗಿ ಕಟ್ಟಿದ್ದು ಸರ್."

"ಅಯ್ಯೋ ಪಾಪ. ನಮ್ಮ ಸ್ಕೂಲಿಗೆ ಬಂದಿದ್ರೆ ಅಂಥ ಗತಿ ಬರ್ತಿರಲಿಲ್ಲ ನೋಡು. ಒಂದೇ ಏಟಿಗೆ ಪಾಸು ಮಾಡಿಸ್ತಿದ್ದೆ."

ಮೇಜಿನ ಕೆಳಗೆ ಆಶಾರಾಣಿಯ ಎರಡೂ ಕೈ ಒಂದನ್ನೊಂದು ಹಿಡಿದುಕೊಂಡವು. ಆದರೆ ದನಿ ಅಲ್ಲಾಡಲಿಲ್ಲ.

"ಹೌದಾ ಸರ್. ಪರಿಶೀಲನೆಗೆ ಮೂಲ ದಾಖಲೆ ಬೇಕಾಗುತ್ತೆ. ಈ ಸಲ ಹೊಸ ನಮೂನೆ ಬಂದಿದೆ. ಪರೀಕ್ಷೆಗೆ ಕೂತವರಲ್ಲಿ ಎಷ್ಟು ಪಾಸು ಅಂತಲ್ಲ, ಎಂಟನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಪಾಸು ಅಂತ ತೋರಿಸ್ಬೇಕು. ದಾಖಲಾತಿ ವಹಿ, ಟೀಸಿ ಪುಸ್ತಕ, ಟೀಸಿ ಕೇಳಿ ಪೋಷಕರು ಕೊಟ್ಟ ಅರ್ಜಿ, ಎಲ್ಲಾ ತನ್ನಿ. ವಿದ್ಯಾರ್ಥಿವೇತನದ ಕಡತಾನೂ ಇರಲಿ."

"ತರ್ತೀನಮ್ಮಾ. ಒಂದು ಚೀಟಿ ಕಳೆದಿಲ್ಲ ನಾನು. ನನ್ನ ರೆಕಾರ್ಡಂದ್ರೆ ಕನ್ನಡಿ ಇದ್ದಂಗೆ."

"ಸ್ವೀಟು ತಗೊಂಡು ಹೋಗಿ ಸರ್. ಕಡತ ಮುಗಿಯೋವರೆಗೂ ತಿನ್ನಂಗಿಲ್ಲ."

ವಾರದೊಳಗೆ ಬಂಡಲುಗಳು ಬಂದವು, ವರ್ಷವಾರು ಬಟ್ಟೆಯಲ್ಲಿ ಕಟ್ಟಿ, ಚೀಟಿ ಅಂಟಿಸಿ. ಮೇಷ್ಟರು ಸುಳ್ಳು ಹೇಳಿರಲಿಲ್ಲ. ತಪಾಸಣೆಗೆ ಬಂದವರು ಕೇಳಿದ್ದನ್ನು ತಕ್ಷಣ ಎತ್ತಿ ಕೊಡಬೇಕು ಎಂಬುದು ಅವರ ಹೆಮ್ಮೆ. ಆ ಹೆಮ್ಮೆಯಿಂದಲೇ ಒಂದು ಕಾಗದವನ್ನೂ ಹರಿದುಹಾಕಿರಲಿಲ್ಲ.

ಆ ಹತ್ತು ವರ್ಷದಲ್ಲಿ ಒಂಬತ್ತನೇ ತರಗತಿ ಮುಗಿಸಿ ಟೀಸಿ ಪಡೆದವರು ಅರವತ್ತಮೂರು ಮಕ್ಕಳು. ಇಪ್ಪತ್ತೈದು ಅರ್ಜಿಗಳಲ್ಲಿ ಅಪ್ಪಂದಿರ ಸಹಿ ಇತ್ತು. ಉಳಿದ ಮೂವತ್ತೆಂಟರಲ್ಲಿ ಹೆಬ್ಬೆಟ್ಟು. ಆಶಾರಾಣಿ ಮೊದಲು ತೆಗೆದದ್ದು ಎರಡು ಸಾವಿರದ ಹತ್ತರ ಬಂಡಲನ್ನು. ಅರ್ಜಿ ಹಳದಿಯಾಗಿತ್ತು. ಹೆಬ್ಬೆಟ್ಟು ಮಾತ್ರ ನಿನ್ನೆ ಒತ್ತಿದ ಹಾಗೆ. ಸುಳಿಸುಳಿಯಾಗಿ ಗೆರೆಗಳು, ಎಣಿಸಬಹುದಾದಷ್ಟು ಸ್ಪಷ್ಟ. ನಡುವೆ ಓರೆಯಾಗಿ ಒಂದು ಬಿಳಿ ಸೀಳು, ಹಳೆಯ ಗಾಯದ್ದು.

ಅವಳು ಬಹಳ ಹೊತ್ತು ನೋಡಿದಳು. ಆಗ ಪಡಿತರ ಅಂಗಡಿಯ ಕೆಂಪು ದೀಪ ನೆನಪಾಯಿತು.

ವಿದ್ಯಾರ್ಥಿವೇತನದ ಕಡತ ಬಿಚ್ಚಿದಳು. ಎರಡು ಸಾವಿರದ ಒಂಬತ್ತರ ಅರ್ಜಿ ಸಿಕ್ಕಿತು. ಅಲ್ಲೂ ಅದೇ ಒಕ್ಕಣೆ, 'ಅಮ್ಮಾಜಮ್ಮ ಇವರ ಎಡ ಹೆಬ್ಬೆಟ್ಟಿನ ಗುರುತು'. ಅದರ ಪಕ್ಕದಲ್ಲಿ ಇದ್ದದ್ದು ಒಂದು ನೇರಳೆ ಮುದ್ದೆ. ಒಂದು ಗೆರೆ ಇಲ್ಲ. ನೆಲದ ಮೇಲೆ ನೇರಳೆಹಣ್ಣು ಬಿದ್ದು ಅಪ್ಪಚ್ಚಿಯಾದ ಹಾಗಿತ್ತು.

ಅಮ್ಮ ಒತ್ತಿದ್ದು ಅದೊಂದೇ. ಅಂದು ಶೆಡ್ಡಿನಲ್ಲಿ ಹೇಳಿದ್ದಳಲ್ಲ.

ಆಶಾರಾಣಿ ಉಳಿದ ಮೂವತ್ತೇಳು ಅರ್ಜಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದಳು. ಬೇರೆ ಬೇರೆ ಅಪ್ಪ, ಬೇರೆ ಬೇರೆ ಅಮ್ಮ, ಬೇರೆ ಬೇರೆ ಊರು. ಎಲ್ಲದರಲ್ಲೂ ಅದೇ ಓರೆ ಸೀಳು. ಓದು ಬಾರದವರ ಹೆಬ್ಬೆಟ್ಟೆಲ್ಲ ಒಂದೇ ಥರ, ಯಾರು ನೋಡುತ್ತಾರೆ ಎಂದುಕೊಂಡಿದ್ದರು ಮೇಷ್ಟರು. ಅವಳಿಗೆ ಅಳು ಬರಲಿಲ್ಲ. ಹೊಟ್ಟೆಯೊಳಗೆ ಹದಿನೈದು ವರ್ಷದಿಂದ ಬೂದಿ ಮುಚ್ಚಿಕೊಂಡಿದ್ದ ಕೆಂಡವನ್ನು ಯಾರೋ ಊದಿದ ಹಾಗಾಯಿತು. ಈ ಮನುಷ್ಯ ಅವಳ ಹೆಸರೊಂದನ್ನೇ ಹೊಡೆದುಹಾಕಿರಲಿಲ್ಲ, ಅವಳ ಕೈಯಿಂದಲೇ ಅಮ್ಮನನ್ನೂ ಹೊಡೆದುಹಾಕಿಸಿದ್ದ.

ಸೀಳು ಹೆಬ್ಬೆಟ್ಟು ಯಾರದೆಂದು ಅವಳಿಗೆ ಗೊತ್ತಿತ್ತು. ಆ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಮುನಿಶಾಮಿಯ ಎಡಗೈ ಹೆಬ್ಬೆಟ್ಟನ್ನು ನೋಡಿ ಮಕ್ಕಳು ನಗುತ್ತಿದ್ದರು. ಮನೆಯಲ್ಲಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಕತ್ತಿ ತಗುಲಿ ಎರಡು ಭಾಗವಾಗಿದ್ದ ಹೆಬ್ಬೆಟ್ಟು ಅದು.

ಭಾನುವಾರ ಬಸ್ಸು ಹತ್ತಿ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಗೆ ಹೋದಳು. ಮುನಿಶಾಮಿ ನಿವೃತ್ತನಾಗಿ ಮಗಳ ಮನೆಯಲ್ಲಿದ್ದ. ಹುಳು ಸಾಕುವ ಮನೆಯ ಮುಂದೆ ಸೊಪ್ಪು ಹೆಚ್ಚುತ್ತಿದ್ದ.

"ಬಾಮ್ಮಾ, ಯಾರ ಮಗಳು ನೀನು?"

"ಅಮ್ಮಾಜಮ್ಮನ ಮಗಳು. ನನ್ನ ಟೀಸಿಗೆ ನೀವೇ ಹೆಬ್ಬೆಟ್ಟು ಒತ್ತಿದ್ರಿ ತಾತ."

ಮುದುಕನ ಕತ್ತಿ ನಿಂತಿತು. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ, ಹೇಳಿದಂತೆ ಕೇಳುವ ಅಭ್ಯಾಸ ಇತ್ತು. "ಮೇಷ್ಟ್ರು ಒತ್ತು ಅಂದ್ರು, ಒತ್ತಿದೆ. ಯಾಕೆ ಸಾರ್ ಅಂದೆ ಒಂದು ಸಲ. ಪೋಷಕರು ಬರೋ ಹೊತ್ತಿಗೆ ಆಫೀಸು ಮುಚ್ಚಿರ್ತದೆ, ಅವರ ಬದಲು ನೀನು ಅಂದ್ರು. ಬೆಟ್ಟು ತಾನೇ ಅಮ್ಮಾ, ಒತ್ತಿದ್ರೆ ಸವೆದೋಗ್ತದಾ ಅಂತ ಸುಮ್ನಾದೆ."

"ಸವೆದೋಗ್ತದೆ ತಾತ. ನಮ್ಮಮ್ಮಂದು ಹೋಗಿ ನೋಡಿ."

ಮುನಿಶಾಮಿ ತಲೆ ತಗ್ಗಿಸಿದ.

"ವಿಚಾರಣೆ ಆಗುತ್ತೆ. ಕರೆದಾಗ ಬಂದು ಇದನ್ನೇ ಹೇಳ್ಬೇಕು. ಬರಲಿಲ್ಲ ಅಂದ್ರೆ ಕಾಗದದ ಮೇಲಿರೋದು ನಿಮ್ಮ ಬೆರಳು ಒಂದೇ. ಮೇಷ್ಟ್ರ ಬೆರಳು ಎಲ್ಲೂ ಇಲ್ಲ."

"ಇಷ್ಟು ವರ್ಷ ಆದ ಮೇಲೆ ಯಾಕಮ್ಮಾ ಇದೆಲ್ಲಾ? ನೀನು ಆಫೀಸರಾಗಿದ್ದೀಯ, ಚೆನ್ನಾಗಿದ್ದೀಯ."

"ಚೆನ್ನಾಗಿದ್ದೀನಿ ಅಂತ ಯಾರು ಹೇಳಿದ್ದು?" ಎಂದು ಎದ್ದಳು. ಮುನಿಶಾಮಿಯ ಮಗಳು ತಂದಿಟ್ಟ ಮಜ್ಜಿಗೆಯನ್ನು ಮುಟ್ಟಲಿಲ್ಲ.

ಸೋಮವಾರ ಹರಿಕೃಷ್ಣ ಅರ್ಜಿಗಳನ್ನು ನೋಡಿ ಕನ್ನಡಕ ತೆಗೆದರು. "ಬಲವಾದ ಕೇಸು ಕಣಮ್ಮಾ. ಆದ್ರೆ ನಿನ್ನ ಹೆಸರೂ ಇದರಲ್ಲೈತೆ. ನಾಳೆ ಆ ವಯ್ಯ, ಹಗೆ ಸಾಧಿಸ್ತಾವಳೆ ಅಂತಾನೆ. ನಿಂದೊಂದು ಅರ್ಜಿ ಪಕ್ಕಕ್ಕಿಡು. ಮೂವತ್ತೇಳು ಸಾಕು."

ಅದು ಒಳ್ಳೆಯ ಸಲಹೆ. ಆಶಾರಾಣಿ ಊಟದ ಹೊತ್ತು ಪೂರ್ತಿ ಯೋಚಿಸಿದಳು. ತನ್ನ ಅರ್ಜಿ ಪಕ್ಕಕ್ಕಿಟ್ಟರೆ ಕೇಸು ಗೆಲ್ಲುವುದು ಸುಲಭ. ಆದರೆ ಉಳಿದ ಮೂವತ್ತೇಳು ಅರ್ಜಿಗಳಲ್ಲಿ ಅಮ್ಮನ ಹೆಸರಿರಲಿಲ್ಲ. ಅಮ್ಮ ಒತ್ತಲಿಲ್ಲ ಎಂದು ಸರ್ಕಾರಿ ಕಾಗದದಲ್ಲಿ ಬರೆದು, ಮೊಹರು ಹಾಕಿ ಹೇಳುವವರು ಯಾರೂ ಇರುವುದಿಲ್ಲ.

ಅವಳು ಟಿಪ್ಪಣಿ ಬರೆದಳು. ಮೂವತ್ತೆಂಟು ಅರ್ಜಿಗಳ ಪಟ್ಟಿ ಕೊಟ್ಟು, ಕೊನೆಯಲ್ಲಿ ಸೇರಿಸಿದಳು: 'ಕ್ರಮಸಂಖ್ಯೆ ಹನ್ನೊಂದರಲ್ಲಿರುವ ವಿದ್ಯಾರ್ಥಿನಿ ನಾನೇ. ಸದರಿ ಮುಖ್ಯೋಪಾಧ್ಯಾಯರ ಬಗ್ಗೆ ನನಗೆ ವೈಯಕ್ತಿಕ ದ್ವೇಷವಿದೆ. ಆದ್ದರಿಂದ ವಿಚಾರಣೆಯನ್ನು ಬೇರೆಯವರಿಗೆ ವಹಿಸಲು ಕೋರಿದೆ.'

ಹರಿಕೃಷ್ಣ ಎರಡು ಸಲ ಓದಿದರು. "ದ್ವೇಷವಿದೆ ಅಂತ ಟಿಪ್ಪಣೀಲಿ ಯಾರಾದ್ರೂ ಬರೀತಾರಾ? ಮೂವತ್ತು ವರ್ಷದ ಸರ್ವೀಸಲ್ಲಿ ನೋಡಿಲ್ಲಪ್ಪಾ ನಾನು."

"ಇದೆ ಸರ್. ಇದ್ದದ್ದು ಬರೆದೆ. ದಾಖಲೆ ಅಲ್ವಾ?"

ಅಂದು ಸಂಜೆ ಅವಳು ಮನೆಯಲ್ಲಿ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮಾಜಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. "ಯಾವತ್ತು ಬರಬೇಕು?" ಎಂದಷ್ಟೇ ಕೇಳಿದಳು.

ವಿಚಾರಣೆಗೆ ಚಿಂತಾಮಣಿಯಿಂದ ಅಧಿಕಾರಿಯೊಬ್ಬರು ಬಂದರು. ಮೇಷ್ಟರು, ಆಶಾರಾಣಿ ಇಬ್ಬರ ಪರಿಚಯವೂ ಇಲ್ಲದ, ಮಿತಭಾಷಿಯಾದ ಹೆಂಗಸು. ಆಗಸ್ಟ್ ಮೂರನೇ ವಾರ, ಕಚೇರಿಯ ಸಭಾಂಗಣ. ಒಳಗೆ ಹೋಗುವ ಮೊದಲು ಮೊಗಸಾಲೆಯಲ್ಲಿ ವೆಂಕಟರವಣಪ್ಪನವರು ಆಶಾರಾಣಿಯನ್ನು ಅಡ್ಡಗಟ್ಟಿದರು. ಅಷ್ಟರಲ್ಲಿ ಗುರುತು ಸಿಕ್ಕಿತ್ತು.

"ನಿನಗೆ ನನ್ನ ಮೇಲೆ ಹಗೆ."

"ಹೌದು ಸರ್, ಹಗೆ. ಟಿಪ್ಪಣೀಲೂ ಬರೆದಿದ್ದೀನಿ. ಪ್ರತಿ ಬೇಕಾ?"

"ಆವತ್ತು ನಾನು ಟೀಸಿ ಕೊಟ್ಟಿದ್ದಕ್ಕೇ ನಿನಗೆ ಛಲ ಬಂದಿದ್ದು. ಇಲ್ಲಾಂದ್ರೆ ಇಲ್ಲಿ ಕೂರ್ತಿದ್ಯಾ ಹೇಳು?"

"ಇನ್ನ ಮೂವತ್ತೇಳು ಜನ ಎಲ್ಲಿ ಕೂತಿದ್ದಾರೆ ಸರ್, ನೀವು ಹೇಳಿ" ಎಂದು ಆಶಾರಾಣಿ ಬಾಗಿಲು ತೆರೆದು ನಿಂತಳು.

ಒಳಗೆ ಮಾತು ಹೆಚ್ಚಿರಲಿಲ್ಲ. ಅಧಿಕಾರಿ ಒಂದು ಬಿಳಿ ಹಾಳೆ ಮತ್ತು ಮಸಿಯ ಪ್ಯಾಡು ಅಮ್ಮಾಜಮ್ಮನ ಮುಂದೆ ಸರಿಸಿದರು. "ಎಡಗೈ ಹೆಬ್ಬೆಟ್ಟು ಒತ್ತಮ್ಮಾ."

ಅಮ್ಮಾಜಮ್ಮ ಒತ್ತಿದಳು. ಮುದ್ದೆ. ಮತ್ತೊಂದು ಸಲ. ಮುದ್ದೆ. ಬಲಗೈ. ಮುದ್ದೆ. ಹಾಳೆಯ ತುಂಬ ನೇರಳೆ ಚುಕ್ಕಿಗಳಾದವು. ಒಂದರಲ್ಲೂ ಗೆರೆ ಮೂಡಲಿಲ್ಲ.

"ಮಸಿ ಸರಿಯಿಲ್ಲ ಮೇಡಂ" ಎಂದರು ವೆಂಕಟರವಣಪ್ಪನವರು. "ಒಣಗೋಗಿದೆ ಪ್ಯಾಡು."

ಅಮ್ಮಾಜಮ್ಮ ಅವರತ್ತ ತಿರುಗಿದಳು. ಅಲ್ಲಿಯವರೆಗೆ ಅವರ ಮುಖ ನೋಡಿರಲಿಲ್ಲ. "ಮಸಿ ಸರಿಗೇ ಐತೆ ಮೇಷ್ಟ್ರೆ. ನನ್ನ ಬೆಟ್ಟೇ ಸವೆದೋಗೈತೆ. ಹನ್ನೆರಡು ವರ್ಷದವಳಿದ್ದಾಗಿಂದ ಕುದಿನೀರಲ್ಲಿಟ್ಟಿದ್ದೀನಿ. ನನ್ನ ಹೆಸರಲ್ಲಿ ಸುಳ್ಳು ಒತ್ತೋ ಮುಂಚೆ ಒಂದು ಸಲ ನನ್ನ ಕೈ ನೋಡ್ಬೇಕಿತ್ತು ನೀವು. ನಮ್ಮಂಥೋರ ಕೈ ಯಾಕೆ ನೋಡ್ತೀರಾ."

ಮುನಿಶಾಮಿಯ ಸರದಿ ಬಂತು. ಅವನು ಒಂದೇ ಸಲ ಒತ್ತಿದ. ಸುಳಿಗಳ ನಡುವೆ ಓರೆ ಸೀಳು ಹಾಳೆಯ ಮೇಲೆ ಎದ್ದು ನಿಂತಿತು. ಅಧಿಕಾರಿ ಅದರ ಪಕ್ಕದಲ್ಲಿ ಒಂದೊಂದೇ ಅರ್ಜಿ ಇಡುತ್ತಾ ಹೋದರು. ವೆಂಕಟರವಣಪ್ಪನವರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. "ಸ್ಕೂಲಿನ ಹೆಸರು ಉಳಿಸೋಕೆ ಮಾಡಿದ್ದು" ಎಂದರು, ಯಾರೂ ಕೇಳದಿದ್ದರೂ.

ಆಶಾರಾಣಿ ಗೋಡೆಗೆ ಒರಗಿ ನಿಂತು ಅವರ ಕತ್ತನ್ನೇ ನೋಡುತ್ತಿದ್ದಳು. ಆ ಬೆವರು ಅವಳಿಗೆ ಸಿಹಿಯಾಗಿತ್ತು. ಹಾಗೆಂದು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ಪ್ರಶಸ್ತಿಯ ಪ್ರಸ್ತಾವನೆ ತಿರಸ್ಕೃತವಾಯಿತು. ಇಲಾಖಾ ವಿಚಾರಣೆ ಮುಂದುವರಿಯಲಿದೆ, ಅದು ಮುಗಿಯುವವರೆಗೆ ನಿವೃತ್ತಿಯ ಸವಲತ್ತು ತಡೆಯಲಾಗಿದೆ ಎಂದು ಆದೇಶ ಬಂತು. ಜೊತೆಗೆ ಇನ್ನೆರಡು ಸಾಲುಗಳಿದ್ದವು. ದಾಖಲಾತಿ ವಹಿಯಲ್ಲಿ ಸುಳ್ಳು ಷರಾ ಇರುವ ಪ್ರತಿ ಹೆಸರಿನ ಮುಂದೆ ಮುಖ್ಯೋಪಾಧ್ಯಾಯರು ಸ್ವತಃ ಕೆಂಪು ಶಾಯಿಯಲ್ಲಿ ತಿದ್ದುಪಡಿ ಬರೆದು ಸಹಿ ಮಾಡತಕ್ಕದ್ದು. ಶಾಲೆಯ ಫಲಕದ ಮೇಲೆ ಎಂಟನೇ ತರಗತಿಗೆ ಸೇರಿದವರ ಲೆಕ್ಕದಲ್ಲೇ ಫಲಿತಾಂಶ ಬರೆಸತಕ್ಕದ್ದು. ತಿದ್ದುಪಡಿಯ ವಾಕ್ಯವನ್ನು ಸೂಚಿಸಿದ್ದು ಆಶಾರಾಣಿ. ಹರಿಕೃಷ್ಣ 'ಸಂಕ್ಷಿಪ್ತವಾಗಿರಲಿ' ಎಂದಿದ್ದರು. ಅವಳು ಉದ್ದವಾಗಿಯೇ ಬರೆದುಕೊಟ್ಟಿದ್ದಳು, ಅದು ಹಾಗೇ ಮಂಜೂರಾಗಿತ್ತು.

ನಿವೃತ್ತಿಗೆ ನಾಲ್ಕು ದಿನ ಇರುವಾಗ ವೆಂಕಟರವಣಪ್ಪನವರು ಕಚೇರಿಗೆ ಬಂದು ಕೂತರು. ವಹಿಗಳು ಅಲ್ಲೇ ವಶದಲ್ಲಿದ್ದವು. ಹರಿಕೃಷ್ಣ ಎದುರಿಗೆ, ಆಶಾರಾಣಿ ಪಕ್ಕದಲ್ಲಿ. ಅವಳು ತನ್ನ ಕೈಯಾರೆ ಹೊಸ ಕೆಂಪು ಪೆನ್ನಿನ ಮುಚ್ಚಳ ತೆಗೆದು ಅವರ ಮುಂದಿಟ್ಟಳು.

"ಬರೀರಿ ಸರ್. 'ಸದರಿ ವಿದ್ಯಾರ್ಥಿಯ ಪೋಷಕರು ವರ್ಗಾವಣೆ ಪತ್ರವನ್ನು ಕೋರಿರುವುದಿಲ್ಲ. ಶಾಲೆಯ ಫಲಿತಾಂಶವನ್ನು ಹೆಚ್ಚಿಸಿ ತೋರಿಸುವ ಉದ್ದೇಶದಿಂದ ನಾನು ಸುಳ್ಳು ಅರ್ಜಿ ತಯಾರಿಸಿ ಹೆಸರನ್ನು ತೆಗೆದಿರುತ್ತೇನೆ.' ಕೆಳಗೆ ಸಹಿ, ತಾರೀಖು."

ಅವರು ಬರೆದರು. ಮೊದಲ ಐದಾರು ಹೆಸರುಗಳವರೆಗೆ ಅಕ್ಷರ ದುಂಡಗಿತ್ತು. ಆಮೇಲೆ ಸೊಟ್ಟಗಾಗತೊಡಗಿತು. ಹನ್ನೊಂದನೆಯದು ಅವಳದು. ತನ್ನ ಹೆಸರಿನ ಮೇಲಿನ ಆ ನೇರವಾದ ಗೆರೆಯನ್ನು ಅವಳು ಹದಿನೈದು ವರ್ಷದ ಮೇಲೆ ನೋಡುತ್ತಿದ್ದಳು. ಬಣ್ಣ ಸ್ವಲ್ಪ ಮಾಸಿತ್ತು. ಅವರು ಬರೆದು ಮುಂದಿನ ಪುಟಕ್ಕೆ ಕೈ ಹಾಕಿದರು.

"ಆರಲಿ ಸರ್" ಎಂದಳು ಆಶಾರಾಣಿ. "ಆವತ್ತು ಊದಿದ್ರಿ."

ವೆಂಕಟರವಣಪ್ಪನವರು ಅವಳ ಮುಖ ನೋಡಿದರು. ಅವಳು ನಗುತ್ತಿರಲಿಲ್ಲ. ಅವರು ಬಗ್ಗಿ ಊದಿದರು. ಹರಿಕೃಷ್ಣ ಕಿಟಕಿಯ ಕಡೆ ತಿರುಗಿಕೊಂಡರು.

ಇಪ್ಪತ್ತರ ಹತ್ತಿರ ಬರುವಾಗ ಅವರು ಬೆರಳು ಮಡಚಿ ಬಿಚ್ಚಿದರು. "ಕೈ ಹಿಡ್ಕೊಂಡೈತಮ್ಮಾ. ಉಳಿದದ್ದು ನಾಳೆ ಮಾಡಣ."

"ನಾಳೆ ರಜ ಸರ್. ಮುನಿಶಾಮಿ ತಾತ ಒಂದೇ ದಿನ ಒಂಬತ್ತು ಒತ್ತಿದ್ರಂತೆ, ಕೈ ನೋವು ಅಂದಿಲ್ಲ."

"ಟೀ ಆದ್ರೂ ಕುಡಿಸು."

"ಮೂವತ್ತೆಂಟಾಗಲಿ" ಎಂದು ಅವಳು ಪುಟ ತಿರುಗಿಸಿದಳು.

ಅಕ್ಟೋಬರ್ ಮೊದಲ ವಾರ ಫಲಕಕ್ಕೆ ಹೊಸ ಬಣ್ಣ ಬಳಿದು ಬರೆಸಿದರು. ಆಶಾರಾಣಿ ಅಮ್ಮನನ್ನು ಕರೆದುಕೊಂಡು ತಿಮ್ಮರಾಯನಕುಂಟೆಗೆ ಹೋದಳು. ಶಾಲೆಗೆ ದಸರಾ ರಜೆ. ಇಬ್ಬರೂ ರಸ್ತೆಯಲ್ಲೇ ನಿಂತರು.

"ಏನಂತ ಬರೆದವ್ರೆ ಓದು" ಎಂದಳು ಅಮ್ಮಾಜಮ್ಮ.

"ನಮ್ಮ ವರ್ಷದ್ದು ಎಪ್ಪತ್ತೊಂಬತ್ತು. ಅದರ ಮುಂದಿನದು ಎಂಬತ್ತೆರಡು. ಆಮೇಲೆ ಎಂಬತ್ತು. ನೂರು ಒಂದೂ ಇಲ್ಲ."

"ಅವನ ಹೆಸರು?"

"ಐತೆ, ಕೆಳಗೆ. ತೆಗೀಬೇಡಿ ಅಂತ ನಾನೇ ಹೇಳ್ದೆ. ಬಸ್ಸಲ್ಲಿ ಹೋಗೋರಿಗೂ ಕಾಣಲಿ."

ಅಮ್ಮಾಜಮ್ಮ ತಲೆಯಾಡಿಸಿದಳು. ಇಬ್ಬರೂ ಬಸ್ಸಿನ ಕಟ್ಟೆಯ ಮೇಲೆ ಕೂತರು. ಬಿಸಿಲು ಇಳಿಯುತ್ತಿತ್ತು. ಎದುರಿನ ಹಿಪ್ಪುನೇರಳೆ ತೋಟಕ್ಕೆ ಯಾರೋ ನೀರು ಬಿಟ್ಟಿದ್ದರು. ಆಶಾರಾಣಿ ಅಮ್ಮನ ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹೆಬ್ಬೆಟ್ಟು ಹೊಳೆಯ ಕಲ್ಲಿನಂತೆ ನುಣ್ಣಗಿತ್ತು. ಅದನ್ನು ಹಾಗೆ ಮುಟ್ಟಿ ನೋಡಿದ್ದು ಅದೇ ಮೊದಲು.

"ಒತ್ತಿಲ್ಲ ಅಂದೆ ಆವತ್ತು" ಎಂದಳು ಅಮ್ಮಾಜಮ್ಮ, ತೋಟದ ಕಡೆ ನೋಡುತ್ತಾ. "ದೇವರ ಮೇಲೆ ಆಣೆ ಇಟ್ಟೆ. ಎಲ್ಲರ ಮುಂದೆ ಅಂದ್ಬಿಟ್ಟೆ ನೀನು. ಅಕ್ಕಪಕ್ಕದೋರು ವರ್ಷಗಟ್ಟಲೆ ಆಡ್ಕೊಂಡ್ರು, ಮಗಳ ಓದು ಬಿಡಿಸಿದೋಳು ಅಂತ."

"ನಂಬಲಿಲ್ಲಮ್ಮಾ ನಾನು."

"ಮೇಷ್ಟ್ರಿಗೆ ಆಫೀಸೋರು ಶಿಕ್ಷೆ ಕೊಟ್ರು, ಸರಿ. ನಿನಗೆ ಯಾರೇ ಕೊಡೋರು?"

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. "ನೀನೇ ಕೊಡು" ಎಂದಳು ಆಶಾರಾಣಿ.

"ಕೊಡ್ತೀನಿ, ಬಿಡಲ್ಲ." ಅಮ್ಮಾಜಮ್ಮ ಕೈ ಬಿಡಿಸಿಕೊಂಡು ಎದ್ದು ಸೀರೆಯ ಧೂಳು ಕೊಡವಿದಳು. "ಏನು ಕೊಡೋದು ಅಂತ ನಿಧಾನವಾಗಿ ಯೋಚನೆ ಮಾಡ್ತೀನಿ. ನೀನು ಹದಿನೈದು ವರ್ಷ ತಗೊಂಡೆ. ನಂಗೇನು ಅವಸರ?"

ಬಸ್ಸು ಬಂದು ನಿಂತಿತು. ಅಮ್ಮಾಜಮ್ಮ ಮೊದಲು ಹತ್ತಿ ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಪಕ್ಕದ ಜಾಗದಲ್ಲಿ ತನ್ನ ಕೈಚೀಲ ಇಟ್ಟುಕೊಂಡಳು. ಶಿಡ್ಲಘಟ್ಟ ಬರುವವರೆಗೂ ತೆಗೆಯಲಿಲ್ಲ. ಆಶಾರಾಣಿ ಕಂಬಿ ಹಿಡಿದು ನಿಂತೇ ಬಂದಳು.